ನಜಮೋದ್ದೀನ ಟೇಲರನ ಗಂಟಲು

ಬೆಳಗಿನ ಚಹಾದ ಮೊದಲ ಗುಟುಕು ಸಲೀಸಾಗಿ ಇಳಿಯಿತು. ಎರಡನೆಯದು ಇಳಿಯುವಾಗ ಗಂಟಲಲ್ಲಿ ಏನೋ ಅಡ್ಡ ಬಂದಂತಾಗಿ ನಜಮೋದ್ದೀನ ಕಪ್ಪು ಕೆಳಗಿಟ್ಟ. ಉಗುಳು ನುಂಗಿ ನೋಡಿದ. ಇತ್ತು. ಕೆಮ್ಮಿ ನೋಡಿದ. ಆಗಲೂ ಇತ್ತು. ಹಾಗೆ ನೋಡಿದರೆ ಅದು ಕೆಲವು ತಿಂಗಳಿಂದ ಬಂದುಹೋಗಿ ಮಾಡುತ್ತಿದ್ದ ನೆಂಟನೇ. ಇವತ್ತು ಮಾತ್ರ ಚಾಪೆ ಹಾಸಿಕೊಂಡು ಕೂತುಬಿಟ್ಟಿತ್ತು.

ಅವನಾಗಿ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಎದುರಿಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಚಾಂದಬೀ ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಗಂಟಲದಾಗ ಏನಾರ ಸಿಕ್ಕದ ಏನ್ರಿ?"

ನಜಮೋದ್ದೀನ ಹೌದೆಂದು ತಲೆಯಾಡಿಸಿದ.

"ಚುಚ್ತದ?"

ಅದಕ್ಕೂ ತಲೆಯಾಡಿಸಿದ. ಆಡಿಸಬಾರದಿತ್ತು.

"ಟಾಚಣಿ ನುಂಗೀರಿ," ಎಂದಳು ಚಾಂದಬೀ. "ನನಗ ಮೊದಲೇ ಗೊತ್ತಿತ್ತು, ಒಂದಿನ ಹಿಂಗ ಆಗ್ತದ ಅಂತ."

ಅವಳ ಊಹೆಗೆ ಕಾರಣವಿತ್ತು. ಔರಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮನೆಯ ಮುಂಗೋಣೆಯಲ್ಲೇ ನಜಮೋದ್ದೀನನ ಲೇಡೀಸ್ ಟೇಲರ್ ಅಂಗಡಿ. ಹೊಲಿಗೆಗೆ ಕೂತನೆಂದರೆ ತುಟಿಗಳ ನಡುವೆ ಗುಂಡುಸೂಜಿ ಹಿಡಿದಿರುವುದು ಅವನ ಹಳೆಯ ರೂಢಿ. ಊರವರ ಬಾಯಲ್ಲಿ ಅದೇ ಟಾಚಣಿ. ಬಾಯಲ್ಲಿ ಅದಿರುವಾಗ ಮಾತಾಡಲು ಬರುವುದಿಲ್ಲ. ಬಂದವರು ಏನು ಹೇಳಿದರೂ ಮೂಗಿನಲ್ಲೇ "ಹ್ಞೂಂ" ಅನ್ನಬೇಕು. ಅಂಗಡಿಯಲ್ಲೊಂದು ಬೆಂಚು ಬೇರೆ ಇತ್ತು. ಕುಪ್ಪಸ ಒಯ್ಯಲು ಬಂದವರು ಅದರ ಮೇಲೆ ಕೂತು ಒಂದು ಕಷ್ಟ ಹೇಳಿದರೆ ಅವನು "ಹ್ಞೂಂ" ಅನ್ನುವನು. ಇನ್ನೊಂದು ಹೇಳಿದರೂ "ಹ್ಞೂಂ". ಹೀಗಾಗಿ, ಮನಸ್ಸು ಅರ್ಥ ಮಾಡಿಕೊಳ್ಳುವುದರಲ್ಲಿ ಇಡೀ ಔರಾದ ತಾಲೂಕಿನಲ್ಲಿ ನಜಮೋದ್ದೀನನಂಥವನಿಲ್ಲ ಎಂದು ಹೆಸರಾಗಿತ್ತು. ಹೊಲಿಸುವುದಕ್ಕೆ ಬಟ್ಟೆ ಇಲ್ಲದವರೂ ಬಂದು ಕೂತು ಹೋಗುತ್ತಿದ್ದರು.

"ಟಾಚಣಿ" ಎಂಬ ಶಬ್ದ ಗೋಡೆ ದಾಟಿತು. ಮೊದಲು ಬಂದವಳು ಪಕ್ಕದ ಮನೆಯ ಸತ್ಯಮ್ಮ. ಎಕಂಬಾ ಊರಿನ ಕುರಿಯವರ ಮನೆಯ ಹೆಣ್ಣುಮಗಳು, ಸೊಸೆ ಬಂದಂದಿನಿಂದ ದಿನಕ್ಕೊಮ್ಮೆಯಾದರೂ ಬೆಂಚಿನ ಮೇಲೆ ಕೂತು ಸೊಸೆಯ ಸುದ್ದಿ ಹೇಳದಿದ್ದರೆ ಅವಳಿಗೆ ಉಂಡದ್ದು ಕರಗುತ್ತಿರಲಿಲ್ಲ. ಸೆರಗಿನಲ್ಲಿ ಬಾಳೆಹಣ್ಣು ಕಟ್ಟಿಕೊಂಡೇ ಬಂದಿದ್ದಳು.

"ಅಗೀಬ್ಯಾಡ್ರಿ, ಹಂಗೇ ನುಂಗ್ರಿ. ನಮ್ಮ ಕುರಿ ಒಂದ್ ಸಲ ಮೊಳಿ ನುಂಗಿತ್ತು, ಹಿಂಗೇ ಇಳಿಸಿದ್ವಿ."

ನಜಮೋದ್ದೀನ ನುಂಗಿದ. ಬಾಳೆಹಣ್ಣು ಇಳಿಯಿತು, ಒಳಗಿದ್ದದ್ದು ಇದ್ದಲ್ಲೇ ಇತ್ತು. ಆ ಕುರಿ ಆಮೇಲೆ ಏನಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅಷ್ಟರಲ್ಲಿ ನಿವೃತ್ತ ಡ್ರಿಲ್ ಮಾಸ್ತರ ಓಂಪ್ರಕಾಶ ಬಂದರು. ದಾರಿಯಲ್ಲಿ ಯಾರೂ ತಮಗೆ ಸೆಲ್ಯೂಟ್ ಹೊಡೆಯುತ್ತಿಲ್ಲವೆಂಬುದು ಅವರ ದುಃಖ. ಅದನ್ನು ಅವರು ತೋಡಿಕೊಳ್ಳುವುದೂ ಅದೇ ಬೆಂಚಿನ ಮೇಲೆ. ಅವರು ನಜಮೋದ್ದೀನನನ್ನು ಮಂಚದ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಇಳಿಬಿಟ್ಟು, ಏಕ್ ದೋ ತೀನ್ ಎಂದು ಎಣಿಸುತ್ತ ಬೆನ್ನು ಗುದ್ದಿದರು. ಹೊರಗೆ ಬಿದ್ದದ್ದು ಅಂಗಿಯ ಕಿಸೆಯಲ್ಲಿದ್ದ ಅಳತೆ ಟೇಪು ಮಾತ್ರ.

"ಮಾಸ್ತರ, ಅದು ಸರಿ ಅಲ್ಲ. ಸೈನ್ಸ್ ಬ್ಯಾರೆ ಅದ," ಎನ್ನುತ್ತ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಖಾಸಿಂ ಅಲಿ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಬಂದ. ಭಾಲ್ಕಿಯಲ್ಲಿ ನೋಡಿದ ಹೆಣ್ಣುಗಳೆಲ್ಲ ಒಬ್ಬೊಬ್ಬರಾಗಿ ಅವನನ್ನು ಒಲ್ಲೆ ಎಂದಿದ್ದರು. ಆ ಕತೆಗಳೂ ನಜಮೋದ್ದೀನನಿಗೆ ಬಾಯಿಪಾಠವಾಗಿದ್ದವು. ಖಾಸಿಂ ಅಯಸ್ಕಾಂತವನ್ನು ಗಂಟಲ ಮೇಲೆ ಮೇಲಿಂದ ಕೆಳಗೆ ಎಳೆದ. ಟಕ್ ಎಂದು ಒಂದು ಸೂಜಿ ಅಂಟಿಕೊಂಡಿತು.

"ಬಂತು," ಎಂದ ಖಾಸಿಂ.

"ಅದು ಕಾಲರಿಂದು," ಎಂದಳು ಚಾಂದಬೀ. "ಕಾಲರದಾಗ ಯಾವಾಗಲೂ ಚುಚ್ಚಿಟ್ಟಿರ್ತಾರ."

"ಕಾಲರದಾಗ ಇದ್ರ ಗಂಟಲದಾಗೂ ಇರಲಾಕೇ ಬೇಕು," ಎಂದು ಓಂಪ್ರಕಾಶ ತೀರ್ಪು ಕೊಟ್ಟರು. "ಬೀದರಕ್ಕ ನಡೀರಿ."

ನಜಮೋದ್ದೀನನಿಗೆ ತಾನು ಟಾಚಣಿ ನುಂಗಿಲ್ಲವೆಂದು ಗೊತ್ತಿತ್ತು. ಹಾಗಂತ ಹೇಳಲು ಬಾಯಿ ತೆರೆದ. ಸತ್ಯಮ್ಮ ಅದರೊಳಗೆ ಇನ್ನೊಂದು ಬಾಳೆಹಣ್ಣು ಇಟ್ಟಳು.

ಬೀದರ ಬಸ್ಸಿನಲ್ಲಿ ಐವರೂ ಹತ್ತಿದರು. ಹತ್ತುವ ಮುಂಚೆಯೇ ಓಂಪ್ರಕಾಶ ಡ್ರೈವರನಿಗೆ, ಜೋರಾಗಿ ಜಿಗಿದರೆ ಟಾಚಣಿ ಸೀದಾ ಹೃದಯಕ್ಕೆ ಹೋಗುತ್ತದೆಂದು ತಿಳಿಸಿದ್ದರು. ಡ್ರೈವರ ಒಳ್ಳೆಯ ಮನುಷ್ಯ. ಸಂತಪುರದ ತನಕ ಬಸ್ಸನ್ನು ಬಸುರಿಯನ್ನು ನಡೆಸಿಕೊಂಡು ಹೋದಂತೆ ನಡೆಸಿದ. ಹಿಂದಿನ ಸೀಟಿನವರು ಕೋರ್ಟಿಗೆ ಹೊತ್ತಾಯಿತು, ಕಾಲೇಜಿಗೆ ಹೊತ್ತಾಯಿತು ಎಂದು ಗೊಣಗಿದರು. ಕಾರಣ ತಿಳಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಬಂದು ನಜಮೋದ್ದೀನನ ಬಾಯಿ ತೆರೆಸಿ ನೋಡಿ ಹೋದರು. ಮಾಂಜ್ರಾ ಸೇತುವೆ ಬಂದಾಗ ಸತ್ಯಮ್ಮ ಹೊಳೆಗೆ ಕೈ ಮುಗಿದು, "ಇದೊಂದು ಇಳಿಸವ್ವಾ" ಎಂದು ಬೇಡಿಕೊಂಡಳು.

ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಟಾಚಣಿ ಕಾಣಲಿಲ್ಲ. ಅಡ್ಡ ಮಲಗಿದ್ದೀತೆಂದು ಓಂಪ್ರಕಾಶ ಹಟ ಹಿಡಿದದ್ದಕ್ಕೆ ಪಕ್ಕದಿಂದಲೂ ತೆಗೆದರು. ಅದರಲ್ಲೂ ಇಲ್ಲ. ಖಾಸಿಂ ಫಿಲ್ಮನ್ನು ಕಿಟಕಿಗೆ ಹಿಡಿದು, "ಇದೇನು ಮತ್ತ?" ಎಂದು ಬೆರಳಿಟ್ಟು ತೋರಿಸಿದ. ಅದು ಎಲುಬು. ಆಮೇಲೆ ಗಂಟಲಿನ ಡಾಕ್ಟರರು ಮೂಗಿನಿಂದ ಸಣ್ಣ ನಳಿಗೆ ಇಳಿಸಿ ನೋಡಿ, "ಗಂಟಲ ಕನ್ನಡಿ ಇದ್ದಂಗ ಅದ. ಏನೂ ಸಿಕ್ಕಿಲ್ಲ," ಎಂದರು.

ಇದು ಸಂತೋಷದ ಸುದ್ದಿಯಾಗಬೇಕಿತ್ತು. ಆದರೆ ನಾಲ್ವರ ಮುಖವೂ ಬಾಡಿತು. ಬೆಳಗಿನಿಂದ ಕೆಲಸ ಬಿಟ್ಟು ಬಂದಿದ್ದಾರೆ, ಬಸ್ಸನ್ನೆಲ್ಲ ನಿಧಾನ ಮಾಡಿಸಿದ್ದಾರೆ, ಹೊಳೆಗೆ ಹರಕೆ ಹೊತ್ತಿದ್ದಾರೆ. ಇಲ್ಲಿ ನೋಡಿದರೆ ಟಾಚಣಿಯೇ ಇಲ್ಲ.

"ಹಂಗಂದ್ರ ನಿಮಗ ಏನೂ ಆಗಿಲ್ಲ," ಎಂದಳು ಸತ್ಯಮ್ಮ, ಸ್ವಲ್ಪ ಸಿಟ್ಟಿನಿಂದಲೇ.

"ಆದ್ರ ಸಿಕ್ಕಂಗ ಆಗ್ತದ," ಎಂದ ನಜಮೋದ್ದೀನ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. ಕಳ್ಳ ಸಿಕ್ಕಿಬಿದ್ದಂತೆ ನಿಂತಿದ್ದ.

ಗಂಟಲಿನ ಡಾಕ್ಟರರು ಅವನನ್ನು ಒಂದು ಕ್ಷಣ ನೋಡಿದರು. "ಸಿಕ್ಕಂಗ ಆಗೋದು ಖರೇನೇ. ಸುಳ್ಳಲ್ಲ. ಮ್ಯಾಲ ಡಾಕ್ಟರ್ ಮಹಾಮಾಯಾ ಅಂತ ಅದಾರ, ಅವರಿಗಿ ತೋರಸ್ರಿ. ನಾ ಗಂಟಲ ನೋಡ್ತೇನಿ, ಅವ್ರು ಮನುಷ್ಯಾಗ ಪೂರಾ ನೋಡ್ತಾರ."

"ಪೂರಾ ಅಂದ್ರ ತಲಿಯಿಂದ ಕಾಲಿನ ತನಕ ಎಕ್ಸರೇ ಏನ್ರಿ?" ಎಂದು ಖಾಸಿಂ ಆಸೆಯಿಂದ ಕೇಳಿದ.

ಎಕ್ಸರೇ ಇರಲಿಲ್ಲ. ಮೇಲಿನ ಕೋಣೆಯಲ್ಲಿ ಒಂದು ಮೇಜು, ಕೆಲವು ಕುರ್ಚಿ, ಕನ್ನಡಕವನ್ನು ತಲೆಗೂದಲ ಮೇಲೆ ಏರಿಸಿಕೊಂಡಿದ್ದ ನಡುವಯಸ್ಸಿನ ಹೆಂಗಸು, ಇಷ್ಟೇ. ಐವರೂ ಒಳಗೆ ನುಗ್ಗಿ ಕೂತರು. ಡಾಕ್ಟರ್ ಮಹಾಮಾಯಾ ಕೆಳಗಿನಿಂದ ಬಂದ ಕಾಗದ ಓದಿ ಬದಿಗಿಟ್ಟು, ನಜಮೋದ್ದೀನನತ್ತ ತಿರುಗಿದರು.

"ನಿದ್ದಿ ಹ್ಯಾಂಗ ಬರ್ತದ್ರಿ?"

"ಚಂದ ಬರ್ತದ್ರಿ," ಎಂದಳು ಚಾಂದಬೀ.

"ಊಟ?"

"ಅಂಗಡ್ಯಾಗೇ ಮಾಡ್ತಾರ, ಒಂದ್ ಕೈಲಿ ಉಣ್ಣೋದು, ಒಂದ್ ಕೈಲಿ ಹೊಲಿಯೋದು," ಎಂದಳು ಸತ್ಯಮ್ಮ. "ನಾ ದಿನಾ ನೋಡ್ತೇನಿ."

"ನಡದಾಡೋದು ಅದ ಏನು?"

"ಎಷ್ಟ್ ಹೇಳಿದ್ರೂ ಕೇಳಂಗಿಲ್ಲ," ಎಂದರು ಓಂಪ್ರಕಾಶ.

"ದಿನಾ ಯಾರ ಜೋಡಿ ಮಾತಾಡ್ತೀರಿ?"

"ನಮ್ಮ ಜೋಡೀರಿ," ಎಂದು ಎಲ್ಲರೂ ಒಟ್ಟಿಗೇ ಹೇಳಿದರು. ಅದರಲ್ಲಿ ಅಭಿಮಾನವಿತ್ತು.

"ಏನ್ ಮಾತಾಡ್ತಾರ?"

ಸತ್ಯಮ್ಮ ಬಾಯಿ ತೆರೆದಳು. ಹಾಗೇ ಇದ್ದಳು. ಓಂಪ್ರಕಾಶ ಛಾವಣಿ ನೋಡಿದರು. ಖಾಸಿಂ ನೆನಪಿಸಿಕೊಳ್ಳಲು ನಿಜವಾಗಿಯೂ ಹೆಣಗಿದ. ಇಷ್ಟು ವರ್ಷ ಎದುರುಬದುರು ಇದ್ದವರಿಗೆ ನಜಮೋದ್ದೀನ ಆಡಿದ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಹ್ಞೂಂ ಅಂತಾರ್ರಿ," ಎಂದಳು ಕೊನೆಗೆ ಸತ್ಯಮ್ಮ.

ಡಾಕ್ಟರು ಅವರೆಲ್ಲರನ್ನೂ ಹೊರಗೆ ಕೂಡಲು ಹೇಳಿದರು.

ಬಾಗಿಲು ಮುಚ್ಚಿದ ಮೇಲೆ ಆಕೆ ಏನನ್ನೂ ಕೇಳಲಿಲ್ಲ. ಸುಮ್ಮನೆ ಕೂತರು. ಎದುರಿಗಿದ್ದವರು ಸುಮ್ಮನಿರುವುದು ನಜಮೋದ್ದೀನನಿಗೆ ಹೊಸದು. ಅವನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಯಾವಾಗಿಂದ ಹಿಂಗ ಆಗಲಾಕತ್ತದ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

"ರಮಜಾನಿಂದ್ರಿ."

"ಅವಾಗ ಏನಾಗಿತ್ತು?"

"ಏನಿಲ್ರಿ. ಹಬ್ಬದ ಹೊಲಿಗಿ ಭಾಳ ಇತ್ತು." ಸ್ವಲ್ಪ ತಡೆದು ಹೇಳಿದ, "ಅಮ್ಮಿ ತೀರಕೊಂಡ್ಲು."

ಆಕೆ ಕಾಗದದ ಮೇಲೆ ಏನೂ ಬರೆದುಕೊಳ್ಳಲಿಲ್ಲ. ಅದೇ ಅವನಿಗೆ ಧೈರ್ಯ ಕೊಟ್ಟಿತೋ ಏನೋ.

"ಮೂರನೇ ದಿನದ ಜಿಯಾರತ್‌ಗ ಮಂದಿ ಭಾಳ ಬಂದಿದ್ರು. ಒಳ್ಳೇ ಮಂದಿರಿ. ಸತ್ಯಮ್ಮ ತನ್ನ ತಾಯಿ ಹ್ಯಾಂಗ ಸತ್ಲು ಅಂತ ಹೇಳಿದ್ಲು. ಮಾಸ್ತರು ತಮ್ಮ ಕಾಕಾಂದು ಹೇಳಿದ್ರು. ಖಾಸಿಂಗ ಅವತ್ತೇ ಭಾಲ್ಕಿದಾಗ ಒಂದು ಹೆಣ್ಣು ಒಲ್ಲೆ ಅಂದಿತ್ತು, ಅದು ಹೇಳಿ ಅತ್ತ. ನಾ ಎಲ್ಲರಿಗೂ ಹ್ಞೂಂ ಅಂದೆ. ಮರುದಿನ ಹೊಲಿಗಿಗಿ ಕುಂತೆ. ಆದ್ರ…" ಅವನು ನಿಲ್ಲಿಸಿದ. "ಆಕಿ ಹ್ಯಾಂಗಿದ್ಲು ಅಂತ ಯಾರೂ ಕೇಳಲಿಲ್ರಿ."

"ಹ್ಯಾಂಗಿದ್ರು?" ಎಂದರು ಡಾಕ್ಟರು.

ನಜಮೋದ್ದೀನ ಹೇಳತೊಡಗಿದ. ಅಮ್ಮಿ ಅವನ ಹಿಂದೆ ಸಣ್ಣ ಸ್ಟೂಲಿನ ಮೇಲೆ ಕೂತು ಕುಪ್ಪಸಗಳಿಗೆ ಹುಕ್ ಹಚ್ಚುತ್ತಿದ್ದಳು. ಕಣ್ಣು ಹೋದ ಮೇಲೂ ಬೆರಳಿನಿಂದ ತಡವಿ ಹಚ್ಚುತ್ತಿದ್ದಳು, ಅವೆಲ್ಲ ಓರೆಯಾಗಿರುತ್ತಿದ್ದವು, ಅವಳು ನಮಾಜಿಗೆ ಎದ್ದಾಗ ಇವನು ಬಿಚ್ಚಿ ಮತ್ತೆ ಹಚ್ಚುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ತನಗೆ ಗೊತ್ತೆಂದು ಮಗನಿಗೆ ತಿಳಿಯಬಾರದೆಂದು ಸುಮ್ಮನಿದ್ದಳು. ಇದನ್ನು ಹೇಳುವಾಗ ಅವನಿಗೆ ನಗು ಬಂತು, ಆ ನಗು ನಡುವೆಯೇ ದಾರಿ ತಪ್ಪಿ ಅಳುವಾಯಿತು. ಡಾಕ್ಟರು ನೀರಿನ ಲೋಟ ಮುಂದೆ ಸರಿಸಿದರು. ಅವನು ಕುಡಿದ. ನೀರು ಎಲ್ಲೂ ನಿಲ್ಲದೆ ಇಳಿಯಿತು. ಅವನಿಗೇ ಆಶ್ಚರ್ಯವಾಗಿ ಲೋಟದೊಳಗೆ ಬಗ್ಗಿ ನೋಡಿದ.

"ಗಂಟಲ ಒಂದೇ ಬ್ಯಾರೆ ಇರಂಗಿಲ್ರಿ," ಎಂದರು ಮಹಾಮಾಯಾ. "ನಿಮ್ಮ ನಿದ್ದಿ, ನಿಮ್ಮ ಊಟ, ನಿಮ್ಮ ದುಃಖ, ಜೋಡಿ ಇರೋ ಮಂದಿ, ಎಲ್ಲಾ ಕೂಡಿ ನೀವು. ಒಂದು ಎಳದ್ರ ಇನ್ನೊಂದು ಎಳೀತದ. ನಿಮಗ ಅದು ನನಕಿಂತ ಚಲೋ ಗೊತ್ತು, ಬಟ್ಟಿ ಹೊಲಿಯೋರು."

"ಔಷಧ ಏನ್ ತಗೋಬೇಕ್ರಿ?"

"ಊಟಕ್ಕ ಅಂಗಡಿ ಮುಚ್ಚರಿ. ಸಂಜಿಗಿ ಸ್ವಲ್ಪ ನಡೀರಿ. ಅನ್ನ ನುಂಗಲಾಕ ಕಷ್ಟ ಆದ್ರ ಮತ್ತ ಕೆಳಗ ಬಂದು ತೋರಸ್ರಿ, ಬಿಡಬ್ಯಾಡ್ರಿ. ಇನ್ನೊಂದು, ನಿಮ್ಮ ಮಾತು ಕೇಳೋರು ಒಬ್ಬರು ಬೇಕು. ದಿನಾ. ಅಂಥವರು ಯಾರರ ಅದಾರೇನು?"

ನಜಮೋದ್ದೀನ ಬೆಂಚಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು, ಒಬ್ಬೊಬ್ಬರಾಗಿ ಕೈಬಿಟ್ಟ. "ಚಾಂದಬೀ ಅದಾಳ್ರಿ," ಎಂದ. ಹೇಳಿದ ಮೇಲೆ, ಇಷ್ಟು ಸುಲಭದ್ದು ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎನಿಸಿತು.

ಅವನು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಇಸ್ತ್ರಿ ಮಾಡಿದಂತಿತ್ತು. ನಾಲ್ವರೂ ಎದ್ದು ನಿಂತರು.

"ಏನ್ ಇಂಜೆಕ್ಷನ್ ಕೊಟ್ರು?" ಎಂದು ಖಾಸಿಂ ಕೇಳಿದ.

"ಏನಿಲ್ಲ. ಮಾತಾಡಿಸಿದ್ರು."

"ಅಷ್ಟೇ?" ಎಂದರು ಓಂಪ್ರಕಾಶ. "ಅಷ್ಟಕ್ಕೇ ಇಷ್ಟ್ ಹೊತ್ತು ಕುಂದ್ರಿಸಿಕೊಂಡು ಕೇಳಿದ್ರು?"

ಸತ್ಯಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು. ಅವಳ ಕಣ್ಣಲ್ಲಿ ಮಿಠಾಯಿ ಅಂಗಡಿ ಕಂಡ ಮಗುವಿನ ಆಸೆಯಿತ್ತು. "ನನಗೂ ಮೊಣಕಾಲು ಹಿಡೀತಾವು," ಎಂದಳು. "ಇಷ್ಟ್ ದೂರ ಬಂದೀನಿ. ಒಂದೀಟು ತೋರಿಸಿಕೊಂಡು ಬರ್ತೇನಿ."

ಅವಳು ಒಳಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು, ಮೊಣಕಾಲಿನ ಮಾತೇ ಎತ್ತಲಿಲ್ಲ. ಓಂಪ್ರಕಾಶರಿಗೆ ತಟ್ಟನೆ ಹೊಟ್ಟೆಯಲ್ಲಿ ಗ್ಯಾಸ್ ಇರುವುದು ನೆನಪಾಯಿತು. ಅವರು ಹೊರಬಂದಾಗ ಖಾಸಿಂನ ತಲೆಗೂದಲು ಉದುರತೊಡಗಿದ್ದವು. ಕೊನೆಗೆ ಚಾಂದಬೀ ಕೂಡ ಎದ್ದಳು. "ಬಂದೇ ಬಂದೀನಿ, ಬಿ.ಪಿ. ನೋಡಿಸಿಕೊಂಡು ಬರ್ತೇನಿ. ನೀವು ಚೀಲ ನೋಡ್ಕೋರಿ."

ನಜಮೋದ್ದೀನ ಎಲ್ಲರ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಊಟದ ಹೊತ್ತು ಮೀರಿತು. ಅವನಿಗೆ ಹಸಿವಿನ ಪರಿವೆ ಇರಲಿಲ್ಲ. ಚಾಂದಬೀಗೆ ಏನೇನು ಹೇಳಬೇಕೆಂದು ಒಳಗೊಳಗೇ ಕತ್ತರಿಸಿ ಜೋಡಿಸಿಕೊಳ್ಳುತ್ತಿದ್ದ. ಅಮ್ಮಿಯ ಹುಕ್ಕು, ಆ ಸ್ಟೂಲಿನ ಮೇಲೆ ಈಗ ಗಿರಾಕಿಗಳು ಚೀಲ ಇಡುವುದು, ತಾನು ಅದನ್ನು ನೋಡಿಯೂ ನೋಡದಂತಿರುವುದು. ಹೇಳದೆ ಇದ್ದದ್ದು ಎಷ್ಟೊಂದು ಇತ್ತು.

ಸಂಜೆಯ ಬಸ್ಸಿನಲ್ಲಿ ನಾಲ್ವರೂ ಮದುವೆಯೂಟ ಮುಗಿಸಿದವರಂತೆ ಹಗುರಾಗಿದ್ದರು. ಊರಿನಲ್ಲಿ ಇಂಥ ಡಾಕ್ಟರಿಲ್ಲ ಎಂದು ಹೊಗಳಿ ಮುಗಿದ ಮೇಲೆ ನಜಮೋದ್ದೀನ ಕುತೂಹಲಕ್ಕೆ ಕೇಳಿದ, "ನಿಮಗ ಏನ್ ಹೇಳಿದ್ರು?"

"ಮೊಣಕಾಲಿಗಿ ಎಣ್ಣಿ," ಎಂದಳು ಸತ್ಯಮ್ಮ. "ಮತ್ತ, ಮನಸ್ಸಿನಾಗಿಂದು ಯಾರ ಮುಂದಾರ ದಿನಾ ಹೇಳಿಕೋಬೇಕಂತ. ಅಂಥವ್ರು ಅದಾರೇನು ಅಂತ ಕೇಳಿದ್ರು. ನಮ್ಮ ಮನಿ ಬಾಜೂಕ ಒಬ್ಬರು ಅದಾರ್ರಿ, ಸಮುದ್ರದಂಥಾ ಮನುಷ್ಯಾ ಅಂದೆ. ಅಂಥವ್ರು ಸಿಗೋದು ಪುಣ್ಯ, ಬಿಡಬ್ಯಾಡ್ರಿ ಅಂದ್ರು."

ಓಂಪ್ರಕಾಶ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು. "ನನಗೂ ಅದೇ ಕೇಳಿದ್ರು. ಹೆಸರು ಹೇಳಲಿಲ್ಲ. ಅಂಗಡಿ ಇಟ್ಟಾರ, ಯಾವಾಗ ಹೋದ್ರೂ ಕೂಡ್ರಿಸಿಕೊಂಡು ಕೇಳ್ತಾರ ಅಂದೆ."

ಖಾಸಿಂ ನಜಮೋದ್ದೀನನ ತೋಳು ಹಿಡಿದುಕೊಂಡ, ಅಷ್ಟೇ.

ಕೌಠಾ ದಾಟುವುದರೊಳಗೆ ಅವರು ಹೊತ್ತು ಹಂಚಿಕೊಂಡಿದ್ದರು. ಬೆಳಿಗ್ಗೆ ಕುರಿಗಳಿಗೆ ಮೇವು ಹಾಕಿದ ಮೇಲೆ ಸತ್ಯಮ್ಮ. ಸಂಜೆ ಅವನು ನಡೆಯಲು ಹೋಗುತ್ತಾನಲ್ಲ, ಜೊತೆಗೆ ಓಂಪ್ರಕಾಶ. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚುತ್ತಾನೆಂದು ತಿಳಿದ ಖಾಸಿಂ, "ಚಲೋ ಆಯ್ತು, ಅವಾಗ ಗಿರಾಕಿ ತಕರಾರ ಇರಂಗಿಲ್ಲ," ಎಂದ.

"ನನಗ ಏನ್ ಹೇಳ್ಯಾರ ಅಂದ್ರ…" ಎಂದು ನಜಮೋದ್ದೀನ ಶುರುಮಾಡಿದ. "ಅಮ್ಮಿ ಹೋದಾಗಿಂದ…"

"ತಾಯಿ ಅಂದ್ರ ಹಂಗೇರಿ," ಎಂದಳು ಸತ್ಯಮ್ಮ. "ನಮ್ಮವ್ವ ಹೋದಾಗ ನಾ ಎಕಂಬಾದಾಗ ಇದ್ದೆ…" ಆ ಕತೆ ಔರಾದ ಬರುವ ತನಕ ಸಾಕಾಯಿತು.

ನಜಮೋದ್ದೀನನಿಗೆ ಬೇಸರವಾಗಲಿಲ್ಲ. ಅವನಿಗೆ ಚಾಂದಬೀ ಇದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೂವರೂ ನಾಳೆ ಸಿಗೋಣವೆಂದು ಹೇಳಿ ಮುಂದೆ ಹೋದರು. ಗಂಡಹೆಂಡತಿ ಬೇಕೆಂದೇ ಹಿಂದೆ ಉಳಿದರು. ಸಂಜೆಯ ಮಗ್ರಿಬ್ ನಮಾಜಿನ ಹೊತ್ತು ಕಳೆದಿತ್ತು. ಗಲ್ಲಿಯಲ್ಲಿ ಯಾರದೋ ಮನೆಯ ಒಗ್ಗರಣೆಯ ವಾಸನೆ. ಅವನು ನಡಿಗೆ ನಿಧಾನ ಮಾಡಿ ಗಂಟಲು ಸರಿಪಡಿಸಿಕೊಂಡ.

"ಒಂದ್ ಮಾತು ಹೇಳಬೇಕು," ಎಂದ.

"ನಾನೂ ಹೇಳಬೇಕು," ಎಂದಳು ಚಾಂದಬೀ, ಅದೇ ಉಸಿರಿಗೆ.

ಇಬ್ಬರೂ ನಿಂತರು.

"ಡಾಕ್ಟರಮ್ಮ ಹೇಳ್ಯಾರ," ಎಂದಳು ಅವಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ನಿಮ್ಮ ಗಂಡನ ಮುಂದ ಹೇಳ್ರಿ, ಇವತ್ತೇ ಹೇಳ್ರಿ ಅಂತ. ನಾ ಹೇಳ್ತೇನಿ. ನಡುವ ತಡೀಬ್ಯಾಡ್ರಿ, ತಡದ್ರ ಮತ್ತ ನನಗ ಹೇಳಲಾಕ ಆಗಂಗಿಲ್ಲ."

"ಏನು?"

"ಅಮ್ಮಿದು."

ನಜಮೋದ್ದೀನ ಅವಳ ಮುಖ ನೋಡಿದ.

"ಪ್ರತಿ ಶುಕ್ರವಾರ ನಾನೇ ಆಕಿ ತಲಿ ತೊಳೀತಿದ್ದೆ. ಈಗ ಶುಕ್ರವಾರ ಬಂದ್ರ ಮುಂಜಾನೆ ನೀರ್ ಕಾಸ್ತೇನಿ, ಕಾಸಿ ಆದ ಮ್ಯಾಲ ಯಾರಿಗಿ ಅಂತ ನೆನಪಾಗ್ತದ. ಜಿಯಾರತ್‌ಗ ಬಂದ ಹೆಣಮಕ್ಕಳು, ಪಾಪ, ನಿನ್ನ ಭಾರ ಇಳೀತು, ಇನ್ನ ಆರಾಮ ಇರು ಅಂದು ಹೋದ್ರು. ನೀವೂ ಹಂಗೇ ತಿಳಕೊಂಡೀರಿ ಅಂತ ನಾ ಸುಮ್ನ ಇದ್ದೆ. ನಿಮಗ ತಾಯಿ, ನನಗ ಅತ್ತಿ. ನಾ ಅತ್ರ ಚಂದ ಕಾಣಂಗಿಲ್ಲ."

ಅವನು ಹಾಗೇ ತಿಳಿದಿದ್ದ. ಅದನ್ನು ಹೇಳಲು, ಹೇಳಿ ತನ್ನದನ್ನೂ ಹೇಳಲು ಅವನಿಗೆ ಬಾಯಿ ತುಂಬ ಮಾತು ಬಂತು. ಓರೆ ಹುಕ್ಕುಗಳ ಸಂಗತಿ ಅವಳಿಗೆ ಗೊತ್ತಿದೆಯೋ ಇಲ್ಲವೋ. ಆದರೆ ಚಾಂದಬೀ ಆಗಲೇ ಮುಂದುವರಿದಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮಿ ತನ್ನ ಜಡೆ ಹಾಕಿದ್ದು, ಮೊದಲ ಸಲ ಬೈದದ್ದು, ಬೈದು ತಾನೇ ಬಂದು ಬಿಸಿ ರೊಟ್ಟಿ ತಿನ್ನಿಸಿದ್ದು. ಇಷ್ಟು ವರ್ಷದ್ದನ್ನು ಅವಳು ಎಲ್ಲಿ ಇಟ್ಟುಕೊಂಡಿದ್ದಳೋ. ಮನೆ ಬಂತು. ಬೀಗ ತೆಗೆಯುವುದು ಇಬ್ಬರಿಗೂ ನೆನಪಾಗಲಿಲ್ಲ. ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು, ಅವನೂ ಪಕ್ಕದಲ್ಲಿ ಕೂತ.

ನಡುವೆ ಒಮ್ಮೆ ಅವಳು ಕಣ್ಣೊರೆಸಿಕೊಂಡು ಕೇಳಿದಳು, "ನೀವು ಏನೋ ಹೇಳತೀನಿ ಅಂತಿದ್ರಿ?"

ನಜಮೋದ್ದೀನ ತಲೆಯೆತ್ತಿದ. ಎದುರಿನ ಬಾಗಿಲಲ್ಲಿ ಖಾಸಿಂ, ಇವರ ಮಾತು ಮುಗಿಯುವುದನ್ನೇ ಕಾಯುತ್ತ, ನಿಂತಿರುವುದು ಕಂಡಿತು.

"ನಾಳೆ ಹೇಳ್ತೇನಿ," ಎಂದ. "ನೀ ಹೇಳು. ಆಮ್ಯಾಲ ಅಮ್ಮಿ ಏನಂದ್ಲು?"